ಅಪ್‌ಡೇಟ್: ಗದಗಿನ ನಮ್ಮ ಕಾಲೇಜು ಹಾಕಿ ಮ್ಯಾಚಿಗೆ ಜನ ಬರ್ತಿದ್ದಾರೆ

ನಮ್ಮ ಹಾಕಿ ತಂಡ ಆಡುವಾಗ ನೋಡೋಕೆ ಯಾರೂ ಬರಲ್ಲ, ಏನು ಮಾಡೋದು ಅಂತ ಹೋದ ಸೀಸನ್‌ನಲ್ಲಿ ಕೇಳಿದ್ದೆ. ಮೈದಾನ ಈಗಲೂ ತುಂಬಲ್ಲ, ಆದರೆ ಒಂದು ಬದಿಯ ಗೆರೆಯುದ್ದಕ್ಕೂ ಜನ ನಿಲ್ಲುತ್ತಾರೆ.

ಸಮಯ ಬದಲಿಸಿ ಅಂದಿದ್ರಲ್ಲ, ಅದು ಕೆಲಸ ಮಾಡಿತು. ಮಧ್ಯಾಹ್ನದ ಬಿಸಿಲು ಬಿಟ್ಟು ಕ್ಲಾಸು ಮುಗಿದ ಕೂಡಲೇ ಮ್ಯಾಚ್ ಇಡುತ್ತೇವೆ. 15 ನಿಮಿಷದ 4 ಕ್ವಾರ್ಟರ್ ಅಷ್ಟೇ, ಹಳ್ಳಿಗೆ ಹೋಗುವವರಿಗೆ ಬಸ್ ತಪ್ಪಲ್ಲ.

ಅದಕ್ಕಿಂತ ದೊಡ್ಡದು ಬೆಟಗೇರಿಯ ಹಳೆಯ ಆಟಗಾರರನ್ನು ಕರೆದಿದ್ದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ಕಂಚು ಗೆದ್ದಾಗ ನಮ್ಮ ಹುಡುಗರೆಲ್ಲ ಸ್ಟೇಟಸ್ ಹಾಕಿದ್ದರು, ಆದರೆ ಸೀಟಿ ಯಾಕೆ ಊದಿದರು ಅನ್ನೋದೇ ಬಹಳ ಜನರಿಗೆ ತಿಳಿಯುತ್ತಿರಲಿಲ್ಲ, ತಿಳಿಯದ ಆಟವನ್ನು ಸುಮ್ನೆ ಎಷ್ಟು ಹೊತ್ತು ನೋಡ್ತಾರೆ, ಅಲ್ವಾ? ಈ ಹಿರಿಯರು ಪಕ್ಕದಲ್ಲೇ ನಿಂತು ಹೇಳುತ್ತಾರೆ: ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ತಪ್ಪಾದರೆ ಎದುರಾಳಿಗೆ ಕೊಡುವ ಹೊಡೆತ) ಸಿಕ್ಕರೆ ಎದುರು ತಂಡದಲ್ಲಿ ಗೋಲ್‌ಕೀಪರ್ ಸೇರಿ ಐದೇ ಜನ ಗೋಲು ಕಾಯಬೇಕು, ಈಗ ನೋಡ್ರಿ! ಅಷ್ಟು ಗೊತ್ತಾದ ಮೇಲೆ ಗದ್ದಲವೇ ಬೇರೆ.

ಪೋಸ್ಟರ್‌ನಿಂದ ಏನೂ ಆಗಲಿಲ್ಲ. ಹುಡುಗಿಯರ ತಂಡಕ್ಕೆ ಇನ್ನೂ ಜನ ಕಡಿಮೆ, ನನಗೆ ಅದೇ ಬೇಜಾರು. ಮುಂದಿನ ಸಲ ಎರಡೂ ತಂಡಗಳ ಮ್ಯಾಚ್ ಒಂದೇ ಸಂಜೆ, ಹುಡುಗಿಯರದ್ದು ಮೊದಲು.