ಬರೀ ಹೆರಿಗೆ ಕೆಲಸಕ್ಕೆ ಬೇರೆ ಲೈಸೆನ್ಸ್ ಇದೆಯಾ?

ಮಧುಗಿರಿ ಹುಡುಗಿ:
ನಮ್ಮಜ್ಜಿ ಸೂಲಗಿತ್ತಿ. ನಾನು ಜಿಎನ್‌ಎಂ (ನರ್ಸಿಂಗ್, ಮಿಡ್‌ವೈಫರಿ ಡಿಪ್ಲೊಮಾ) ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ. ಸರ್ಟಿಫಿಕೇಟಿನಲ್ಲಿ ನರ್ಸ್, ಮಿಡ್‌ವೈಫ್ (ಓದಿ ಹೆರಿಗೆ ಮಾಡಿಸುವವಳು) ಎರಡೂ ಇದೆ. ಆದರೆ ಆಸ್ಪತ್ರೆಯಲ್ಲಿ ಇವತ್ತು ಹೆರಿಗೆ ವಾರ್ಡ್, ನಾಳೆ ಡಯಾಲಿಸಿಸ್. ನನಗೆ ಹೆರಿಗೆ ಕೆಲಸವೇ ಬೇಕು. ಅದಕ್ಕೆ ಬೇರೆ ಲೈಸೆನ್ಸ್ ಇದೆಯಾ? ಇನ್ನೊಂದು ಮಾತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ವಾ? ನಮ್ಮಜ್ಜಿಯಂಥವರಿಗೆ ಲೈಸೆನ್ಸ್ ಯಾಕಿಲ್ಲ?

ನಿವೃತ್ತ ಎಎನ್‌ಎಂ (ಹಳ್ಳಿಯ ಸರ್ಕಾರಿ ಸಹಾಯಕ ನರ್ಸ್-ಮಿಡ್‌ವೈಫ್):
ಬೇರೆ ಲೈಸೆನ್ಸ್ ಇಲ್ಲಮ್ಮ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಮಿಡ್‌ವೈಫ್ ನರ್ಸಿನ ಸೆರಗು ಹಿಡಿದೇ ಬಂದಿದ್ದಾಳೆ. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂತು, ಹೆಸರಲ್ಲಿ ಮಿಡ್‌ವೈಫರಿಯೂ ಸೇರಿತು. ನಿನಗೆ ಬೇಕಾದ್ದು ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ತರಬೇತಿ. 2018ರಲ್ಲಿ ಕೇಂದ್ರ ತಂದದ್ದು, 18 ತಿಂಗಳು.

ಅಜ್ಜಿಯ ವಿಷಯ. ನಾನೇ ಊರಿನ ಸೂಲಗಿತ್ತಿಯರಿಗೆ ಕಲಿಸಿದವಳು. ಕಿಟ್‌ನಲ್ಲಿ ಸೋಪು, ಹೊಸ ಬ್ಲೇಡು, ಹೊಕ್ಕುಳು ಕಟ್ಟುವ ದಾರ, ಅಷ್ಟೇ. ಅವರ ಕೈಗುಣದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಂದು ರಾತ್ರಿ ಕರೆ ಬಂದು ಹೋದೆ. ಮಗು ಚೆನ್ನಾಗಿ ಅಳುತ್ತಿತ್ತು. ತಾಯಿಯ ಕೆಳಗೆ ಹಾಸಿದ್ದ ಗೋಣಿಚೀಲ ಹಿಂಡಿದರೆ ರಕ್ತ ಇಳಿಯುವ ಹಾಗಿತ್ತು. ಐಸ್ ಡಬ್ಬಿಯಿಂದ ಆಕ್ಸಿಟೋಸಿನ್ (ಗರ್ಭಕೋಶವನ್ನು ಬಿಗಿಮಾಡಿ ರಕ್ತ ನಿಲ್ಲಿಸುವ ಇಂಜೆಕ್ಷನ್) ತೆಗೆದು ಕೊಟ್ಟೆ, ಹೊಟ್ಟೆ ಉಜ್ಜುತ್ತಾ ಕೂತೆ. ಉಳಿದಳು. ಅದೇ ಔಷಧವನ್ನು ಹೆರಿಗೆಗೆ ಮುಂಚೆ 'ನೋವು ಬರಲಿ' ಅಂತ ಸುಮ್ನೆ ಚುಚ್ಚಿದರೆ ಗರ್ಭಕೋಶವೇ ಹರಿಯಬಹುದು. ಓದದೇ ಇರುವವರು ಹಾಗೆ ಚುಚ್ಚಿದ್ದನ್ನೂ ಕಂಡಿದ್ದೇನೆ. ಯಾರು, ಯಾವಾಗ ಕೊಡಬೇಕು ಅಂತ ಗೊತ್ತಿರಬೇಕು. ತಪ್ಪಾದರೆ ಕೇಳುವವರೂ ಇರಬೇಕು. ಲೈಸೆನ್ಸ್ ಬೇಕು ಅನ್ನೋದು ಅದಕ್ಕೇ.

ಇಂಗ್ಲೆಂಡಿನ ಲೀಡ್ಸ್‌ನಿಂದ ಒಬ್ಬ ನರ್ಸ್:
ಇಲ್ಲಿ ನರ್ಸ್, ಮಿಡ್‌ವೈಫ್ ಇಬ್ಬರದೂ ಬೇರೆ ಬೇರೆ ನೋಂದಣಿ. ಇಂಗ್ಲೆಂಡಿನಲ್ಲಿ 1902ರಲ್ಲೇ ಮಿಡ್‌ವೈಫರಿಗೆ ಅಂತಲೇ ಕಾಯ್ದೆ ಬಂದಿತ್ತು. ಊರಿನ ಸರ್ಟಿಫಿಕೇಟಿನಲ್ಲಿ ಎರಡೂ ಇದ್ದರೂ ನಾನಿಲ್ಲಿ ನರ್ಸ್ ಮಾತ್ರ. ಹನ್ನೊಂದು ವರ್ಷ ಹೆರಿಗೆ ಮಾಡಿಸಿದ ಕೈ ನನ್ನದು, ಈಗ ಮೂಳೆ ವಾರ್ಡಿನಲ್ಲಿದ್ದೇನೆ. ಬೇಜಾರಿದೆ. ಆದರೂ ಇವರ ಪದ್ಧತಿಯೇ ಸರಿ ಅನಿಸುತ್ತದೆ. ಇಲ್ಲಿ ಮಿಡ್‌ವೈಫನ್ನು ಯಾರೂ ಡಯಾಲಿಸಿಸ್‌ಗೆ ಕಳಿಸುವುದಿಲ್ಲ.

ಮಧುಗಿರಿ ಹುಡುಗಿ:
ಅಮ್ಮಾ, ಅಜ್ಜಿಗೆ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ರಕ್ತ ನಿಲ್ಲದೆ ಹೋದ ಒಬ್ಬಳ ಹೆಸರು ಹೇಳಿದರು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತರಬೇತಿಗೆ ಏನು ತಯಾರಿ ಮಾಡಿಕೊಳ್ಳಲಿ?

ನಿವೃತ್ತ ಎಎನ್‌ಎಂ:
ಮಾಡಿಸಿದ ಹೆರಿಗೆಗಳ ಲೆಕ್ಕ ಬರೆದಿಡು. ಹೆರಿಗೆ ವಾರ್ಡಿನ ಅನುಭವ ಪತ್ರಕ್ಕೆ ಮೇಟ್ರನ್ ಸಹಿಯನ್ನು ಈ ವಾರವೇ ಹಾಕಿಸಿಕೋ. ಅಜ್ಜಿ ಜೊತೆ ಇವತ್ತು ಸ್ವಲ್ಪ ಹೊತ್ತು ಕೂತಿರು.