ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದ್ರೆ ಸಾಕಾ? ಅನುಭವ ಇದ್ದೋರು ಹೇಳಿ

ಫೋಟೊಪೆಟ್ಟಿಗೆ: ಹದಿನೈದು ವರ್ಷದ ಫೋಟೊ ಎಲ್ಲಾ ಒಂದೇ 4 ಟಿಬಿ ಡಿಸ್ಕಲ್ಲಿದೆ. ಈಚೆಗೆ ಟಿಕ್ ಟಿಕ್ ಅಂತಿದೆ. ಇನ್ನೊಂದು ತಂದು ರೇಡ್ 1 (ಎರಡೂ ಡಿಸ್ಕಲ್ಲಿ ಅದೇ ಡೇಟಾ ಇರೋ ಮಿರರ್) ಮಾಡ್ಲಾ?

ಜೋಡಿಡಿಸ್ಕು: ಕಣ್ಣು ಮುಚ್ಕೊಂಡು ಮಾಡಿ. ನಂದು ಆರು ವರ್ಷದ ಜೋಡಿ. ಹೋದ ವರ್ಷ ಒಂದು ಸತ್ತಿದ್ದೇ ಗೊತ್ತಾಗ್ಲಿಲ್ಲ, ಮಷೀನ್ ಅದರ ಪಾಡಿಗೆ ಓಡ್ತಿತ್ತು. ಎಮ್‌ಡಿಸ್ಟ್ಯಾಟ್ (ಲಿನಕ್ಸಲ್ಲಿ ರೇಡ್ ಸ್ಥಿತಿ ತೋರಿಸೋ ಫೈಲ್) ನೋಡಿದ್ರೆ ಎರಡು ‘ಯು’ ಇರಬೇಕಾದ ಕಡೆ ಒಂದು ‘ಯು’, ಪಕ್ಕದಲ್ಲೊಂದು ಅಡಿಗೆರೆ! ಹೊಸ ಡಿಸ್ಕ್ ತಂದೆ, ಅದೂ 4 ಟಿಬಿನೇ, ಆದ್ರೆ ಒಂದಿಷ್ಟು ಸೆಕ್ಟರ್ (ಡೇಟಾ ಇಡೋ ಪುಟ್ಟ ಜಾಗ) ಕಮ್ಮಿ. ಸೇರಿಸ್ಕೊಳ್ಳಲ್ಲ ಅಂತು. ವಾಪಸ್ ಕೊಟ್ಟು ಇನ್ನೊಂದು ತಂದೆ. ರೀಬಿಲ್ಡ್‌ಗೆ (ಹೊಸದಕ್ಕೆ ಎಲ್ಲಾ ನಕಲಾಗೋಕೆ) 9 ಗಂಟೆ. ಉಳಿದ ಡಿಸ್ಕ್ ಕರಕರ ಅಂದಾಗೆಲ್ಲ ಎದೆ ಧಸಕ್. ಒಂದು ಫೈಲೂ ಹೋಗ್ಲಿಲ್ಲ.

ಸುಟ್ಟಕೈ: ಮಿರರ್ ಅಂದ್ರೆ ಬ್ಯಾಕಪ್ ಅಲ್ಲ. ನಡುರಾತ್ರಿ ತಪ್ಪು ಫೋಲ್ಡರ್ ಅಳಿಸಿದೆ, ಎರಡೂ ಡಿಸ್ಕಲ್ಲಿ ಅದೇ ಕ್ಷಣಕ್ಕೆ ಮಾಯ. ರಿಕವರಿ ಸಾಫ್ಟ್‌ವೇರ್ 11,000 ಫೈಲ್ ಎತ್ತಿಕೊಡ್ತು. ಹೆಸರಿಲ್ಲ, ಫೋಲ್ಡರಿಲ್ಲ, ಬರೀ ನಂಬರು. ಮೂರು ತಿಂಗಳು ಒಂದೊಂದೇ ತೆರೆದು ವಿಂಗಡಿಸಿದೀನಿ.

ಜೋಡಿಡಿಸ್ಕು: ಕೈತಪ್ಪಿ ಅಳಿಸಿದ್ದಕ್ಕೆ ಮಿರರ್ ಏನ್ ಮಾಡತ್ತೆ? ಛತ್ರಿ ಹಿಡಿದು ನಡೆದ್ರೂ ಕಾಲಿಗೆ ಕೆಸರಾಯ್ತು ಅಂದಂಗಾಯ್ತು.

ಸುಟ್ಟಕೈ: ಅವರು ಕೇಳಿದ್ದು ಫೋಟೊ ಉಳಿಯತ್ತಾ ಅಂತ. ನಿಮ್ಮ ಮಷೀನ್ ಓಡತ್ತಾ ಅಂತಲ್ಲ.

ಹಳೇಬೋರ್ಡು: ‘ರೇಡ್’ (RAID) ಅನ್ನೋದ್ರ ಐ ಅಂದ್ರೆ, ಆ ಹೆಸರಿಟ್ಟ 1988ರ ಬರ್ಕ್ಲಿ ಪ್ರಬಂಧದಲ್ಲಿ ‘ಇನೆಕ್ಸ್‌ಪೆನ್ಸಿವ್’. ಅಗ್ಗವಂತೆ! 8 ಟಿಬಿಗೆ ದುಡ್ಡು ಕೊಟ್ಟು 4 ಟಿಬಿ ಬಳಸಿದೀನಿ. ಮದರ್‌ಬೋರ್ಡಿನ ರೇಡ್ ನಂಬಿದ್ದೆ. ಡಿಸ್ಕ್ ಎರಡೂ ಗಟ್ಟಿ, ಬೋರ್ಡೇ ಸತ್ತುಹೋಯ್ತು. ಬೇರೆ ಬೋರ್ಡಿಗೆ ಹಾಕಿದ್ರೆ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳ್ತು. ಕೊನೆಗೆ ಲಿನಕ್ಸ್ ಓದ್ತು. ಒಂದೇ ದಿನ ಒಂದೇ ಲಾಟಲ್ಲಿ ಕೊಂಡ ಜೋಡಿ ಬೇರೆ: ಒಂದರಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದೋಕಾಗದ ಸೆಕ್ಟರ್) ಶುರುವಾಗಿ 11 ವಾರಕ್ಕೆ ಇನ್ನೊಂದರಲ್ಲೂ ಶುರು.

ಚೆಕ್‌ಸಮ್: ಎರಡು ಪ್ರತಿ ಬೇರೆಬೇರೆ ಹೇಳಿದ್ರೆ ಯಾವುದು ಸರಿ ಅಂತ ಬರೀ ಮಿರರ್‌ಗೆ ಗೊತ್ತಾಗಲ್ಲ. ಝಡ್‌ಎಫ್‌ಎಸ್ (ಡೇಟಾ ಜೊತೆ ಚೆಕ್‌ಸಮ್ ಅನ್ನೋ ತಾಳೆ ಸಂಖ್ಯೆ ಇಟ್ಟು ತಪ್ಪು ಹಿಡಿಯೋ ಫೈಲ್‌ಸಿಸ್ಟಮ್) ಹಾಕಿ, ತಿಂಗಳಿಗೊಮ್ಮೆ ಸ್ಕ್ರಬ್ ಓಡಿಸಿ, ಅಂದ್ರೆ ಎಲ್ಲಾ ಓದಿಸಿ ತಾಳೆ ನೋಡಿಸಿ.

ಹಳೇಬೋರ್ಡು: ಇಸಿಸಿ (ತನ್ನ ತಪ್ಪು ತಾನೇ ತಿದ್ದಿಕೊಳ್ಳೋ) ರ್‍ಯಾಮ್ ಇಲ್ಲದೆ ಝಡ್‌ಎಫ್‌ಎಸ್ಸಾ?

ಚೆಕ್‌ಸಮ್: ಆ ಪುರಾಣ ಇನ್ನೂ ಬಿಟ್ಟಿಲ್ವಾ? ಇಸಿಸಿ ಇದ್ರೆ ಒಳ್ಳೇದು, ಯಾವ ಫೈಲ್‌ಸಿಸ್ಟಮ್ಮಿಗಾದ್ರೂ.

ಫೋಟೊಪೆಟ್ಟಿಗೆ: ಟಿಕ್ ಟಿಕ್ ಜಾಸ್ತಿ ಆಗಿದೆ. ಮೊದಲು ಏನ್ ಮಾಡ್ಲಿ?

ಸುಟ್ಟಕೈ: ಬೇರೆ ಡಿಸ್ಕಿಗೆ ಕಾಪಿ ತೆಗೀರಿ, ಈಗ್ಲೇ. ರೇಡ್ ಆಮೇಲೆ. ಮತ್ತೆ ಜೋಡಿಡಿಸ್ಕು ಅವರೇ, ಛತ್ರಿ ಅಂದ್ರಲ್ಲ, ನಿಮ್ಮ ಬ್ಯಾಕಪ್ ಎಲ್ಲಿದೆ ಹೇಳಿ ನೋಡೋಣ.

ಜೋಡಿಡಿಸ್ಕು: ಅದು ಬೇರೆ ವಿಷಯ.