ಪದಚರ್ಚೆ: ಹೆಬ್ಬಕ್ಕಿ ಏರಿ ಓಲೆ ಒಯ್ಯುವವಳನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಾವು ಕೆಲವು ಗೆಳೆಯರು ಮನೆಯ ಮಕ್ಕಳನ್ನೂ ಸೇರಿಸಿಕೊಂಡು ವಾರಕ್ಕೊಮ್ಮೆ ಕನ್ನಡದಲ್ಲೇ ಪಾತ್ರದಾಟ ಆಡುತ್ತೇವೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಬೆಳೆಸುವ ಆಟ ಇದು. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದ ಮೇಲೆ ಎಲ್ಲೆಡೆ ಹರಡಿದ ಬಗೆಯದು. ಈ ಸಲ ಒಬ್ಬ ಹುಡುಗಿ ಆಯ್ದುಕೊಂಡಿರುವ ಪಾತ್ರ ಹೀಗಿದೆ: ಮಳೆಗಾಲದಲ್ಲಿ ಹೊಳೆ ಉಕ್ಕಿ ದಾರಿಯೆಲ್ಲ ಮುಚ್ಚಿಹೋಗುವ ಒಂದು ಕಲ್ಪಿತ ಬೆಟ್ಟದ ನಾಡು, ಅಲ್ಲಿ ಆನೆಯಷ್ಟು ದೊಡ್ಡ ಹಕ್ಕಿಯ ಬೆನ್ನೇರಿ ಊರಿಂದೂರಿಗೆ ಪತ್ರ ತಲುಪಿಸುವವಳು ಅವಳು. ಹಕ್ಕಿ ಅವಳ ಸ್ವತ್ತಲ್ಲ, ಒಡನಾಡಿ. ಅದಕ್ಕೂ ಸ್ವಂತ ಇಷ್ಟಾನಿಷ್ಟಗಳಿವೆ. ಒಲ್ಲದ ಕಡೆಗೆ ಹಾರುವುದಿಲ್ಲ. ಇವಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಮೊದಲು ಸೂಚನೆಗೆ ಬಂದ ಪದ ‘ದೂತೆ’. ಕಿವಿಗೆ ಹಿತವಾಗಿದೆ, ಆದರೆ ಕೆಲಸಕ್ಕೆ ಒಗ್ಗುವುದಿಲ್ಲ. ದೂತನಿಗೆ ಸಂದೇಶ ಗೊತ್ತಿರುತ್ತದೆ; ಸಭೆಯಲ್ಲಿ ನಿಂತು ಒಡೆಯನ ಪರವಾಗಿ ಮಾತಾಡುವುದು, ವಾದಿಸುವುದು ಅವನ ಹೊಣೆ. ಲಂಕೆಗೆ ಹೋದ ಹನುಮಂತ, ಸಂಧಾನಕ್ಕೆ ಹೋದ ಕೃಷ್ಣ ಇಬ್ಬರೂ ಆ ಅರ್ಥದಲ್ಲಿ ದೂತರು. ನಮ್ಮವಳ ಕೈಯಲ್ಲಿರುವುದು ಅರಗು ಮುದ್ರೆ ಒತ್ತಿದ ಪತ್ರ. ಒಳಗೇನಿದೆ ಎಂದು ಅವಳಿಗೆ ತಿಳಿದಿಲ್ಲ, ಕಥೆಯ ಗಂಟು ಇರುವುದೇ ಅಲ್ಲಿ. ‘ಹರಿಕಾರ’ ಎಂಬುದು ಪಾರಸಿಯ ಮೂಲಕ ಬಂದ ಒಳ್ಳೆಯ ಪದ. ಹಿಂದೆ ಸುದ್ದಿ, ಪತ್ರ ಒಯ್ಯುವವನೇ ಹರಿಕಾರ. ಆದರೆ ಇಂದು ದೇವರಾಜ ಅರಸರನ್ನು ಸಾಮಾಜಿಕ ನ್ಯಾಯದ ಹರಿಕಾರ ಎನ್ನುವಾಗ ಪತ್ರದ ಚೀಲ ಯಾರಿಗೂ ನೆನಪಾಗುವುದಿಲ್ಲ. ಆ ಪದ ಮೇಲಿನ ಹುದ್ದೆಗೆ ಏರಿಬಿಟ್ಟಿದೆ. ಮತ್ತೆ ಕೆಳಗಿಳಿಸುವುದು ಕಷ್ಟ.

‘ಅಂಚೆ’ ಎಂಬ ಪದದ ಮೇಲೆ ನನಗೆ ವಿಶೇಷ ಮೋಹವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ನೆಲೆಗೊಂಡ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಪದ ಮಾತ್ರ ನಮ್ಮಲ್ಲೇ ಉಳಿಯಿತು. ಹಳಗನ್ನಡದಲ್ಲಿ ಇನ್ನೊಂದು ‘ಅಂಚೆ’ ಇದೆ, ಹಂಸದ ತದ್ಭವ. ಉಚ್ಚಾರ ಒಂದೇ ಎಂದ ಮಾತ್ರಕ್ಕೆ ಎರಡರ ಬೇರೂ ಒಂದೇ ಎನ್ನಬೇಕಾಗಿಲ್ಲ. ಆದರೂ ನಳ ದಮಯಂತಿಯರ ನಡುವೆ ಒಲವಿನ ಸುದ್ದಿ ಒಯ್ದದ್ದು ಹಂಸವೇ ಆದ್ದರಿಂದ, ಹಕ್ಕಿಯೂ ಪತ್ರವೂ ಒಂದೇ ಪದದಲ್ಲಿ ಸಿಗುವ ಈ ಭಾಗ್ಯವನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ‘ಅಂಚೆಗಾರ್ತಿ’ ಎಂದು ಆಡಿ ನೋಡಿದೆವು. ತೊಡಕು ಏನೆಂದರೆ ಅಂಚೆ ಎಂದೊಡನೆ ಕೇಳುವವರ ಕಣ್ಣಿಗೆ ಕೆಂಪು ಪೆಟ್ಟಿಗೆ, ಠಸ್ಸೆ, ಪಿಂಚಣಿ, ಉಳಿತಾಯ ಪುಸ್ತಕ ಎಲ್ಲವೂ ಬಂದು ನಿಲ್ಲುತ್ತವೆ. ಅಂಚೆಯ ಹಿಂದೆ ಒಂದು ಇಲಾಖೆಯೇ ಇರಬೇಕಾಗುತ್ತದೆ, ನಮ್ಮವಳು ಒಂಟಿ.

ಹಾಗಾಗಿ ನನ್ನ ಒಲವು ‘ಓಲೆಕಾರ್ತಿ’ಯ ಕಡೆಗೆ. ಓಲೆಕಾರ ಎಂಬ ಪದ ಹಳೆಯದು, ಓಲೆ ಒಯ್ಯುವವನು ಎಂಬುದರ ಜೊತೆಗೆ ಸೇವಕ, ಭಟ ಎಂಬ ಅರ್ಥಗಳೂ ಅದಕ್ಕಿವೆ. ಹಾಡುಗಾರ್ತಿ, ಆಟಗಾರ್ತಿಗಳ ಸಾಲಿನಲ್ಲಿ ಓಲೆಕಾರ್ತಿ ಸಲೀಸಾಗಿ ನಿಲ್ಲುತ್ತದೆ. ಒಂದು ಆಕ್ಷೇಪ ಮಕ್ಕಳಿಂದಲೇ ಬಂತು: ಇವಳು ಕಿವಿಯೋಲೆ ಮಾರುವವಳೇ? ಪ್ರಶ್ನೆ ಸರಿಯಾಗಿಯೇ ಇದೆ. ಇಂದಿನ ಮನೆಮಾತಿನಲ್ಲಿ ಓಲೆ ಎಂದರೆ ಮೊದಲು ಕಿವಿಯದೇ. ಆದರೆ ತಾಳೆಯ ಎಲೆಯನ್ನು ಸುರುಳಿ ಸುತ್ತಿ ಕಿವಿಗೆ ತೊಟ್ಟದ್ದರಿಂದಲೇ ಆ ಒಡವೆಗೆ ಓಲೆ ಎಂಬ ಹೆಸರು ಬಂದದ್ದು. ಅದೇ ಎಲೆಯ ಮೇಲೆ ಕಂಟದಿಂದ, ಅಂದರೆ ಲೋಹದ ಮೊನೆಯಿಂದ, ಬರೆದರೆ ಪತ್ರ. ಇನ್ನೂ ಒಂದು ಸೊಗಸು ಇದೆ: ತಾಳೆಯ ಎಲೆಯನ್ನು ನಾವು ‘ಗರಿ’ ಎನ್ನುತ್ತೇವೆ, ಹಕ್ಕಿಯ ಮೈಮೇಲಿರುವುದನ್ನೂ ‘ಗರಿ’ ಎನ್ನುತ್ತೇವೆ. ಓಲೆಗರಿ ಹೊತ್ತು ನವಿರುಗರಿಯ ನಡುವೆ ಕೂರುವವಳಿಗೆ ಇದಕ್ಕಿಂತ ಒಪ್ಪುವ ನುಡಿಯ ಆಸರೆ ಬೇರೆಲ್ಲಿ ಸಿಕ್ಕೀತು? ‘ಕರೆಯೋಲೆ’ ಇಂದಿಗೂ ಮದುವೆಯ ಕಾಗದಗಳಲ್ಲಿ ಬದುಕಿದೆ. ಆ ಎಳೆ ಹಿಡಿದರೆ ಓಲೆಕಾರ್ತಿ ಮಕ್ಕಳಿಗೂ ಬೇಗ ಅರ್ಥವಾಗುತ್ತಾಳೆ.

ಇನ್ನು ಹಕ್ಕಿಯ ವಿಷಯ. ‘ದೈತ್ಯ ಪಕ್ಷಿ’ ಎಂಬುದನ್ನು ನಾನು ಖಂಡಿತ ಒಪ್ಪುವುದಿಲ್ಲ. ದೈತ್ಯರು ದಿತಿಯ ಮಕ್ಕಳು, ಒಂದು ಕುಲ. ದೊಡ್ಡದಕ್ಕೆಲ್ಲ ಆ ಹೆಸರು ಅಂಟಿಸುವ ರೂಢಿ ಪತ್ರಿಕೆಗಳ ಅವಸರದಲ್ಲಿ ಬೆಳೆದದ್ದು. ದೊಡ್ಡದು ಎನ್ನಲು ಕನ್ನಡಕ್ಕೆ ತನ್ನದೇ ದಾರಿ ಇದೆ: ಹೆಬ್ಬಾವು, ಹೆಬ್ಬುಲಿ, ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು. ಪಕ್ಷಿಯಿಂದ ಪಕ್ಕಿ, ಪಕ್ಕಿಯಿಂದ ಹಕ್ಕಿ; ಹಾವು ಹುಲಿಗಳಂತೆ (ಹಿಂದೆ ಪಾವು, ಪುಲಿ) ಅದೂ ಮೊದಲು ಪಕಾರದ್ದೇ ಆದ್ದರಿಂದ ‘ಹೆಬ್ಬಕ್ಕಿ’ ಎಂದು ಕೂಡುವುದು ನಿಯಮಕ್ಕೆ ಒಪ್ಪುತ್ತದೆ. ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಯ ಹೆಸರನ್ನೂ ಇದರ ಜೊತೆಗೆ ಇಟ್ಟು ಕೇಳಿ. ಹೆಬ್ಬಕ್ಕಿ ಎಂದರೆ ಅಕ್ಕಿ ಕೇಳಿಸುತ್ತದೆ ಎಂದು ಒಬ್ಬರು ಹೇಳಿದರು. ಬೆಳ್ಳಕ್ಕಿಯಲ್ಲಿ ನಮಗೆ ಅಕ್ಕಿ ಕೇಳಿಸುತ್ತದೆಯೇ? ಗದ್ದೆಯ ಬದುವಿನ ಬಿಳಿಯ ಹಕ್ಕಿಯೇ ತಾನೆ ಕಾಣುವುದು?

ಗರುಡ, ಗಂಡಭೇರುಂಡ ಎನ್ನುವುದು ಸುಲಭ, ಆದರೆ ಬೇಡ. ಗಂಡಭೇರುಂಡ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದಿಂದ ಹಿಡಿದು ಇಂದಿನ ರಾಜ್ಯ ಲಾಂಛನದವರೆಗೆ ಅಧಿಕಾರದ ಗುರುತು; ಅದು ಆನೆಗಳನ್ನೇ ಉಗುರಿನಲ್ಲಿ ಎತ್ತುತ್ತದೆ, ಯಾರನ್ನೂ ಬೆನ್ನಮೇಲೆ ಕೂರಿಸುವುದಿಲ್ಲ. ಗರುಡನಾದರೋ ವಿಷ್ಣುವಿನ ವಾಹನ. ಜೊತೆಗೆ ಹೊಯ್ಸಳರ ನಾಡಿನಲ್ಲಿ ಒಡೆಯನೊಡನೆ ಸಾಯುವ ಪಣ ತೊಟ್ಟ ವೀರರಿಗೂ ಗರುಡರೆಂಬ ಹೆಸರಿತ್ತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಮ್ಮಡಿ ಬಲ್ಲಾಳನ ಆಪ್ತ ಕುವರಲಕ್ಷ್ಮನ ಗರುಡಗಂಬ ಇಂದಿಗೂ ನಿಂತಿದೆ. ಅಷ್ಟು ಭಾರದ ಪದವನ್ನು ಮಕ್ಕಳ ಆಟದ ಹಕ್ಕಿಗೆ ಹೊರಿಸಲಾರೆ. ‘ವಾಹನ’ ಎಂಬುದಂತೂ ಈಗ ಸಾರಿಗೆ ಇಲಾಖೆಯ ಪದ.

ಏರುವವರಿಗೆ ಕನ್ನಡದಲ್ಲಿ ಪ್ರಾಣಿಗೊಂದು ಪದ ಇದೆ. ಕುದುರೆಗೆ ರಾವುತ, ಆನೆಗೆ ಮಾವುತ. ಹಕ್ಕಿರಾವುತ ಎಂದರೆ ಲಯ ಚೆನ್ನಾಗಿದೆ, ಯುದ್ಧದ ಓಟವೂ ಕಾಣುತ್ತದೆ. ಆದರೆ ನಂಟಿನ ಆಳ ನೋಡಿದರೆ ಮಾವುತನೇ ಹತ್ತಿರದವನು: ಮೀಯಿಸುವುದು, ಮೇಯಿಸುವುದು, ಕಾಯಿಲೆಯಲ್ಲಿ ರಾತ್ರಿ ಕಾಯುವುದು ಎಲ್ಲ ಅವನದೇ. ನಮ್ಮ ಆಟದಲ್ಲೂ ಹಾರುವ ಹೊತ್ತು ಕಡಿಮೆ, ಆರೈಕೆಯ ಹೊತ್ತೇ ಹೆಚ್ಚು. ಈ ಪದಗಳ ಹೆಣ್ಣುರೂಪಕ್ಕೆ ಏನು ಮಾಡೋಣ? ‘ರಾವುತಿ’ ಎಂದರೆ ಸಾಕೇ, ‘ರಾವುತಿತ್ತಿ’ ಎನ್ನಬೇಕೇ?

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿರುವುದು ಲಿಂಗದ ಪ್ರಶ್ನೆ. ಹಕ್ಕಿಯ ಹೆಸರು ಕೆಂಚಿ, ಹೆಣ್ಣು. ಮೊದಲ ದಿನ ಎಲ್ಲರೂ ‘ಹೆಬ್ಬಕ್ಕಿ ರೆಕ್ಕೆ ಬಿಚ್ಚಿತು’ ಎಂದರು. ಆಟ ಮುಂದುವರಿದಂತೆ, ಯಾರೂ ಹೇಳಿಕೊಡದೆ, ಮಕ್ಕಳ ಬಾಯಲ್ಲಿ ‘ಕೆಂಚಿ ರೆಕ್ಕೆ ಬಿಚ್ಚಿದಳು’ ಎಂದಾಯಿತು. ಅದೇ ಹುಡುಗಿ ಒಂದೇ ಉಸಿರಿನಲ್ಲಿ, ‘ಹಕ್ಕಿಗೆ ಹಸಿವಾಗಿದೆ, ಅದಕ್ಕೆ ಮೀನು ಬೇಕು, ಕೆಂಚಿ ಮುನಿಸಿಕೊಂಡಿದ್ದಾಳೆ, ಅವಳನ್ನು ಮಾತಾಡಿಸಬೇಡಿ’ ಎಂದಳು. ಹಸಿವಿಗೆ ‘ಅದು’, ಮುನಿಸಿಗೆ ‘ಅವಳು’! ದಸರಾ ವರದಿಗಳಲ್ಲೂ ಇದೇ ನಡೆಯನ್ನು ಕಾಣುತ್ತೇವೆ. ಆನೆ ಬಂದಿತು, ಆನೆಗಳು ಬಂದವು. ಆದರೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಅಭಿಮನ್ಯು ಹೆಜ್ಜೆ ಹಾಕಿದ. ಇನ್ನೊಂದು ದಸರಾ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತಾಗ ನಾಡೇ ಅತ್ತದ್ದು ‘ಅದಕ್ಕಾಗಿ’ ಅಲ್ಲ, ‘ಅವನಿಗಾಗಿ’. ಪ್ರಾಣಿಗಳು ನಪುಂಸಕಲಿಂಗ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಹೆಸರಿಟ್ಟು ಕರೆದ ಪ್ರಾಣಿ ಆ ನಿಯಮದಿಂದ ಯಾವಾಗ, ಎಷ್ಟರ ಮಟ್ಟಿಗೆ ಹೊರಬರುತ್ತದೆ ಎಂದು ವ್ಯಾಕರಣ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಬರವಣಿಗೆಯಲ್ಲಿ ಎರಡನ್ನೂ ಹಾಗೇ ಬಿಡುವುದೇ ನನಗೆ ಸರಿಯೆನಿಸುತ್ತದೆ. ಒಂದೇ ರೂಪಕ್ಕೆ ತಿದ್ದಿದರೆ ಆ ಹುಡುಗಿಯ ಮಾತಿನ ಜೀವ ಹೋಗುತ್ತದೆ.

ಸಜ್ಜಿನ ಪದಗಳಲ್ಲೂ ಒಂದೆರಡು ತೊಡಕು ಇವೆ. ಕೂರುವ ಜೀನು, ಕಾಲಿಡುವ ರಿಕಾಪು ನಡೆಯುತ್ತವೆ. ಕಡಿವಾಣ ಮಾತ್ರ ಹಲ್ಲಿರುವ ಕುದುರೆಯ ಬಾಯಿಗೆ ಹೇಳಿ ಮಾಡಿಸಿದ್ದು, ಕೊಕ್ಕಿಗೆ ಅದು ಹೇಗೆ? ಡೇಗೆ ಎಂಬ ಬೇಟೆಹಕ್ಕಿಯನ್ನು ಪಳಗಿಸುವವರು ಅದರ ಕಾಲಿಗೆ ತೊಗಲಿನ ಪಟ್ಟಿಯನ್ನೂ ಗೆಜ್ಜೆಯನ್ನೂ ಕಟ್ಟುತ್ತಾರೆ. ಹಿಂದಿನ ಕಾಲದ ಅಂಚೆ ಓಟಗಾರರ ಕೋಲಿಗೂ ಗೆಜ್ಜೆ ಇರುತ್ತಿತ್ತು. ಆದ್ದರಿಂದ ಸದ್ಯಕ್ಕೆ ಕೆಂಚಿಯ ಕಾಲಿಗೆ ಗೆಜ್ಜೆ ಕಟ್ಟಿದ್ದೇವೆ, ಲಗಾಮು ಇಲ್ಲ.

ಆಟಕ್ಕೆ ‘ಪಾತ್ರದಾಟ’ ಎಂದಿರುವುದರ ಬಗ್ಗೆಯೂ ಒಂದು ಮಾತು. ಬಣ್ಣವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕುಳಿತು ಆಶುವಾಗಿ ಪಾತ್ರವಾಗಿ ಮಾತಾಡುವ ತಾಳಮದ್ದಳೆ ನಮ್ಮಲ್ಲಿ ಇರುವಾಗ, ಅಲ್ಲಿ ಪಾತ್ರವಾಗಿ ಮಾತಾಡುವ ‘ಅರ್ಥಧಾರಿ’, ಹಾಡಿ ಪ್ರಸಂಗ ನಡೆಸುವ ‘ಭಾಗವತ’ ಪದಗಳನ್ನೇ ಇಲ್ಲಿ ಬಳಸಬಹುದೇ? ಕಥೆ ನಡೆಸುವವರನ್ನು ಭಾಗವತರೆನ್ನಲು ನನಗೆ ಆಸೆ. ಪ್ರಸಂಗದ ಕೊನೆ ಅಲ್ಲಿ ಮೊದಲೇ ಗೊತ್ತಿರುತ್ತದೆ, ಇಲ್ಲಿ ಬಿದ್ದ ಗರ ತೀರ್ಮಾನಿಸುತ್ತದೆ ಎಂಬ ವ್ಯತ್ಯಾಸ ಸಣ್ಣದಲ್ಲ. ಕರಾವಳಿಯ, ಮಲೆನಾಡಿನ ಅನುಭವಿಗಳಿಗೆ ಈ ಬಳಕೆ ನೋವು ತಂದರೆ ಖಂಡಿತ ಬಿಡುತ್ತೇನೆ.

ಓಲೆಕಾರ್ತಿ, ಹೆಬ್ಬಕ್ಕಿ ಇವೆರಡರ ಬಗ್ಗೆ ನಿಮ್ಮ ಒಪ್ಪಿಗೆ ಅಥವಾ ಆಕ್ಷೇಪ, ರಾವುತನ ಹೆಣ್ಣುರೂಪ, ಕೊಕ್ಕಿನ ಹಗ್ಗಕ್ಕೆ ನಿಮ್ಮ ಕಡೆಯ ಯಾವುದಾದರೂ ಮಾತು ತಿಳಿಸಿ. ಭಾನುವಾರದೊಳಗೆ ಸಿಕ್ಕರೆ ಆ ದಿನದ ಆಟದಲ್ಲೇ ಬಳಸಿ ನೋಡುತ್ತೇವೆ.